ನೀರಿಲ್ಲದ ಊರು ಬೇಕಾಗಿತ್ತು

ನಮ್ಮ ಮಂಡ್ಯ ಸೀಮೆಯಲ್ಲಿ ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಾರೆ. ಮೊದಲು ಕೇಳುವುದು, ಜಮೀನಿಗೆ ನಾಲೆ ನೀರು ಹತ್ತುತ್ತದಾ ಅಂತ. ಅಂಥ ಸೀಮೆಯಲ್ಲಿ ನಾನೊಬ್ಬಳು, ಏಳು ವರ್ಷದ ಮಗಳ ಸೊಂಟಕ್ಕೂ ನನ್ನ ಸೊಂಟಕ್ಕೂ ಒಂದೇ ಹಳೇ ಸೀರೆ ಬಿಗಿದುಕೊಂಡು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಬಂದವರನ್ನೂ ಹೋದವರನ್ನೂ “ನೀರೇ ಇಲ್ಲದ ಊರು ಯಾವುದಾದರೂ ಗೊತ್ತಾ?” ಅಂತ ಕೇಳುತ್ತಿದ್ದೆ. ಕೆಲವರು ನಕ್ಕರು. ಒಬ್ಬ ಯಜಮಾನರು ನನಗೆ ತಲೆ ಕೆಟ್ಟಿದೆ ಅಂದುಕೊಂಡು ಮಗುವಿನ ಕೈಗೆ ಒಂದು ಬಾಳೆಹಣ್ಣು ಕೊಟ್ಟು, ನನ್ನ ಕಡೆ ನೋಡದೆ ಹೋದರು. ಮಗಳು ಪದ್ಮ ಅದನ್ನು ಸಿಪ್ಪೆ ಸಮೇತ ತಿಂದಳು.

ತಲೆ ಕೆಟ್ಟಿದ್ದು ಸುಳ್ಳಲ್ಲ. ಹೇಗೆ ಕೆಟ್ಟಿತು ಅಂತ ಬರೆಯುತ್ತೇನೆ. ಪದ್ಮನಂಥ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಎಲ್ಲಿ ಬಾಳುವುದು ಅಂತ ತಿಳಿಯದೆ ಒದ್ದಾಡುತ್ತಿರುವ ಇನ್ನೊಬ್ಬಳು ಇದನ್ನು ಓದಿದರೆ, ತಾನೊಬ್ಬಳೇ ಅಲ್ಲ ಅಂತ ಅವಳಿಗೆ ಗೊತ್ತಾಗಲಿ. ಬೇರೆ ಬುದ್ಧಿವಾದ ನನ್ನ ಹತ್ತಿರ ಇಲ್ಲ.

ನಾನೂ ನಮ್ಮವರೂ ಜಲಪಾತದ ನೀರಿನಲ್ಲಿ ಕರೆಂಟು ತೆಗೆಯುವ ಬ್ಲಫ್‌ನ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವರು. ನಮ್ಮಪ್ಪ, ನಮ್ಮ ಮಾವ ಇಬ್ಬರೂ ಪವರ್ ಹೌಸಿನ ನೌಕರರು. ನಮ್ಮವರು ಅಲ್ಲೇ ಆಪರೇಟರ್ ಆಗಿ ಶಿಫ್ಟಿಗೆ ಹೋಗುತ್ತಿದ್ದರು. ಕಾಲುವೆಯಲ್ಲಿ ನೀರು, ಕೊಳವೆಯಲ್ಲಿ ನೀರು, ಕೆಳಗೆ ಕಣಿವೆಯಲ್ಲಿ ನೀರು. ನೀರು ಅನ್ನುವುದು ನಿಲ್ಲುವ ವಸ್ತು ಅಂತಲೇ ನಮಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಒಂದಷ್ಟು ತಗ್ಗುತ್ತಿತ್ತು ಅಷ್ಟೆ. ಈ ದಡ್ಡತನದ ಬೆಲೆ ಎಷ್ಟು ಅನ್ನುವುದು ನಮಗೆ ಮದ್ದೂರಿನಲ್ಲಿ ತಿಳಿಯಿತು.

ಪದ್ಮ ಹುಟ್ಟಿದ್ದು ಅರವತ್ತರ ದಶಕದ ಕೊನೆಯಲ್ಲಿ. ಎರಡು ವರ್ಷ ತುಂಬಿದರೂ ನಡೆಯಲಿಲ್ಲ. ಮೂರಕ್ಕೆ ನಡೆದಳು, ನಡೆದವಳು ನಿಲ್ಲಲೇ ಇಲ್ಲ. ಮಾತು ಬರಲಿಲ್ಲ. ನಾಲ್ಕನೇ ವರ್ಷಕ್ಕೆ ಫಿಟ್ಸ್ ಶುರುವಾಯಿತು. ನಮ್ಮವ್ವ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಗಂಡ ಹೋದ ಮೇಲೆ ಹಿರಿಮಗನ ಜೊತೆ ಹೊಳಲಿನ ಜಮೀನಿನ ಮನೆಯಲ್ಲಿದ್ದ ನಮ್ಮತ್ತೆ ಬಂದು ಮೊಮ್ಮಗಳನ್ನು ನೋಡಿ, ಊಟ ಮಾಡಿ, ಹೊರಡುವಾಗ ಬಾಗಿಲಲ್ಲಿ ನಿಂತು, “ಇನ್ನೊಂದು ಎತ್ತುಬುಡವ್ವ ಬೇಗ. ಇದು ಇಷ್ಟೇಯ” ಅಂದರು. ನನಗೆ ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತ್ತು. ಅವರು ಹೇಳಿದ್ದನ್ನೇ ಮೈಸೂರಿನ ಡಾಕ್ಟರೂ ಹೇಳಿದಾಗ ಉಗಿಯಲು ಯಾರೂ ಇರಲಿಲ್ಲ.

ಆ ಆಸ್ಪತ್ರೆಯಲ್ಲಿ ಬೆಳಿಗ್ಗೆ ಏಳಕ್ಕೆ ಚೀಟಿ ಮಾಡಿಸಿದರೆ ಡಾಕ್ಟರ್ ಮುಖ ಕಾಣುವಾಗ ಊಟದ ಹೊತ್ತು. ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹೆಂಗಸು, ಅವಳ ಪಕ್ಕ ಮೀಸೆ ಬಂದ ಮಗ. ಇಪ್ಪತ್ತಿರಬಹುದು. ಅವಳು ಅವನ ಬಾಯಿಯ ಜೊಲ್ಲನ್ನು ಸೆರಗಿನಲ್ಲಿ ಒರೆಸಿ, ಅದೇ ಕೈಯಲ್ಲಿ ನನಗೆ ಅರ್ಧ ಇಡ್ಲಿ ಕೊಟ್ಟಳು. ನಾನು ಅವನನ್ನೇ ನೋಡುತ್ತಿದ್ದೆ. ನನ್ನ ಮಗಳೂ ಒಂದು ದಿನ ದೊಡ್ಡವಳಾಗುತ್ತಾಳೆ ಅನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಪದ್ಮನನ್ನು ಮಡಿಲಿಗೆ ಎಳೆದುಕೊಂಡೆ. ಆ ಹೆಂಗಸಿಗೆ ತಿಳಿಯಿತು ಅಂತ ಕಾಣುತ್ತದೆ.

“ಡಾಕುಟ್ರು ಏಳೋದ ಏಳ್ಲಿ ಬುಡವ್ವ,” ಅಂದಳು. “ಈ ಮಗೀನ ಕಟ್ಕೊಂಡು ಬಾಳಾಕಾಗೋ ಅಂತ ಜಾಗ ಮೊದ್ಲು ನೋಡ್ಕೊ. ನಾನು ಮೂರು ಊರು ಬುಟ್ಟೆ.”

ಡಾಕ್ಟರ್ ಒಳ್ಳೆಯವರೇ. ಗದರಲಿಲ್ಲ. “ಬುದ್ಧಿ ಬೆಳೀಲಿಲ್ಲಮ್ಮ, ಇನ್ನು ಬೆಳೆಯೋದೂ ಕಷ್ಟ. ಫಿಟ್ಸ್ ಮಾತ್ರೆ ಒಂದು ದಿನಾನೂ ತಪ್ಪಿಸಬೇಡಿ. ಬೆಂಕಿ, ನೀರು, ಇವೆರಡರ ಹತ್ತಿರ ಬಿಡಬೇಡಿ” ಅಂದರು. ಬ್ಲಫ್‌ನಲ್ಲಿ ಮನೆ ಅಂತ ನಮ್ಮವರು ಹೇಳಿದಾಗ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಮತ್ತೆ ಬರೆದರು.

ಬೆಂಕಿ ಕಂಡರೆ ಪದ್ಮ ಹೆದರುತ್ತಿದ್ದಳು. ನೀರು ಹಾಗಲ್ಲ. ನೀರಿನ ಸದ್ದು ಕೇಳಿದರೆ ಅವಳ ಮುಖ ಬಿಚ್ಚಿಕೊಳ್ಳುತ್ತಿತ್ತು. ಬೇರೆ ಯಾವುದಕ್ಕೂ, ನನ್ನ ದನಿಗೂ, ಆ ಮುಖ ಅಷ್ಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಕೈ ಬಿಟ್ಟರೆ ನೆಟ್ಟಗೆ ನೀರಿಗೆ ನಡೆಯುವಳು, ದಡ ಬಂತು ಅಂತ ನಿಲ್ಲುವವಳಲ್ಲ. ಅವಳಿಗೆ ಆರು ವರ್ಷವಿದ್ದಾಗ ಒಂದು ಮಧ್ಯಾಹ್ನ ನಾನು ಅಕ್ಕಿ ಕೇರುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಮಗು ಇಲ್ಲ. ಮೇಲಿನ ಕಾಲುವೆಯ ಕಾವಲುಗಾರರು ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಲಂಗ ಮೊಣಕಾಲಿನವರೆಗೆ ಒದ್ದೆಯಾಗಿತ್ತು. “ಇನ್ನೊಂದು ಹೆಜ್ಜೆ ಕಣಮ್ಮ,” ಅಂದವರು ಅಲ್ಲೇ ಜಗುಲಿಯಲ್ಲಿ ಕೂತು ಬೀಡಿ ಹಚ್ಚಲು ನೋಡಿದರು. ಮೂರು ಕಡ್ಡಿ ಗೀರಿ, ಬೀಡಿಯನ್ನು ಹಾಗೇ ಕಿವಿಗೆ ಸಿಕ್ಕಿಸಿಕೊಂಡರು.

ನಮ್ಮವರು ಮರುದಿನವೇ ಸಾಹೇಬರ ಹತ್ತಿರ ಹೋಗಿ ವರ್ಗ ಕೇಳಿದರು. ಸಾಹೇಬರಿಗೂ ಮಕ್ಕಳಿದ್ದವು. ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ಕಡೆಯೂ ಸಬ್‌ಸ್ಟೇಷನ್ನಿನಲ್ಲಿ ಜಾಗವಿದೆ, ಹತ್ತು ದಿನದಲ್ಲಿ ಒಂದನ್ನು ಹೇಳು ಅಂದರು. ನಮ್ಮವರು ಮನೆಗೆ ಬಂದು ಆ ಮೂರು ಹೆಸರನ್ನು ಹೇಳಿ, “ನೀನೇ ಹೇಳೇ, ಎಲ್ಲಿಗೆ ಓಗಾನ?” ಅಂತ ಕೇಳಿದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವರು ನನ್ನನ್ನು ಕೇಳಿದ ಮೊದಲ ದೊಡ್ಡ ಮಾತು ಅದು. ಮೂರನ್ನೂ ನೋಡಿ ಹೇಳುತ್ತೇನೆ ಅಂದೆ.

ಮಳವಳ್ಳಿ ಹತ್ತಿರ. ಹೋಗಿ ನೋಡಿದರೆ ಊರ ಮಗ್ಗುಲಿಗೇ ಕಣ್ಣು ಹಾಯುವಷ್ಟು ಕೆರೆ. ಬಸ್ಸಿನ ಕಿಟಕಿಯಲ್ಲೇ ಪದ್ಮ ಅದನ್ನು ನೋಡಿ ಕೈಚಾಚಿ ಕೂಗಿದಳು. ಇಳಿಯಲೇ ಇಲ್ಲ ನಾವು, ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದೆವು. ಮಂಡ್ಯಕ್ಕೆ ಹೋದವರು ಮೊದಲು ಹೊಳಲಿಗೆ ಹೋದೆವು. ಅಲ್ಲೇ ಇದ್ದುಬಿಡಿ ಅಂದರು ಬಾವ. ಮನೆಯ ಮೆಟ್ಟಿಲಿಳಿದರೆ ಗದ್ದೆಯ ಕಾಲುವೆ. ಅದಕ್ಕೂ ಅತ್ತೆಯ ಹತ್ತಿರ ಉಪಾಯವಿತ್ತು. “ಕೊಟ್ಟಿಗೆ ಕಂಬಕ್ಕೆ ಕಟ್ಟಾಕು. ದನ ಇರಾಕಿಲ್ವಾ?” ನಾನು ಸಿಟ್ಟಿನಿಂದ ಎದ್ದು ಬಂದೆ. ಆದರೆ ಇದನ್ನೂ ಬರೆಯಬೇಕು, ಬ್ಲಫ್‌ನಲ್ಲಿ ಅಡುಗೆ ಮಾಡುವಾಗ ನಾನೇ ಅವಳನ್ನು ಮಂಚದ ಕಾಲಿಗೆ ಕಟ್ಟುತ್ತಿದ್ದೆ. ಅತ್ತೆ ಬಾಯಿಬಿಟ್ಟು ಹೇಳಿದ್ದರು, ನಾನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ.

ಮಂಡ್ಯ ಪೇಟೆಯಲ್ಲಿ ಒಂದು ಮನೆ ಸಿಕ್ಕಿತ್ತು. ನಿವೃತ್ತ ಮೇಷ್ಟರದು. ಬೀದಿ ನಡುವಿನ ಮನೆ, ಹತ್ತಿರದಲ್ಲೇ ದೊಡ್ಡಾಸ್ಪತ್ರೆ, ನಲ್ಲಿ ನೀರು ಬಿಟ್ಟರೆ ಬೇರೆ ನೀರಿಲ್ಲ. ನನಗೆ ಕೈಮುಗಿಯುವಂತಾಯಿತು. ಮೇಷ್ಟರ ಹೆಂಡತಿ ಕಾಫಿ ತಂದಿಟ್ಟು, ಯಾವ ಕಡೆಯವರು, ಎಷ್ಟು ಜನ ಅಂತ ವಿಚಾರಿಸುತ್ತಿದ್ದಾಗ ಪದ್ಮನಿಗೆ ಅವರ ಪಡಸಾಲೆಯಲ್ಲೇ ಫಿಟ್ಸ್ ಬಂತು. ಆಕೆ ಓಡಿ ಹೋಗಿ ಕೀಲಿಕೈ ತಂದು ಮಗುವಿನ ಕೈಗೆ ಹಿಡಿಸಿದರು, ತಲೆಯ ಕೆಳಗೆ ತಮ್ಮ ಒಳ್ಳೆಯ ಟವಲು ಮಡಚಿಟ್ಟರು, ಮಗು ಒದ್ದೆ ಮಾಡಿದ ನೆಲವನ್ನು ನನಗೆ ಮುಟ್ಟಲು ಬಿಡದೆ ತಾವೇ ಒರೆಸಿದರು. ಎಲ್ಲ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು, “ತಪ್ಪು ತಿಳೀಬೇಡಿ. ನಮ್ಮ ಮಗಳು ಬಾಣಂತನಕ್ಕೆ ಬರೋಳಿದಾಳೆ. ಬಸುರಿ ಹುಡುಗಿ ದಿನಾ ಇದನ್ನ ನೋಡೋದು...” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಟವಲನ್ನು ಒಗೆದುಕೊಡುತ್ತೇನೆ ಅಂದೆ, ಬೇಡ ಅಂದರು.

ಉಳಿದದ್ದು ಮದ್ದೂರು. ಪದ್ಮನಿಗೆ ಜ್ವರ ಬಂದು ನಾನು ಹೋಗಲಾಗಲಿಲ್ಲ, ನಮ್ಮವರೊಬ್ಬರೇ ಹೋಗಿ ಮನೆ ಗೊತ್ತು ಮಾಡಿ ಬಂದರು. ಶಿಂಷಾ ಹೊಳೆ ಊರಾಚೆ, ಮನೆಯಿಂದ ಬಹಳ ದೂರ. ಕೆರೆ ಆ ಕಡೆ ಇಲ್ಲ. ಮನೆಯ ಹಿತ್ತಲಾಚೆ ಒಂದು ತಗ್ಗಿನ ಓಣಿ, ಅದರಲ್ಲಿ ಆಡು ಮೇಯುತ್ತಿದ್ದವು, ಮಕ್ಕಳು ಗೋಲಿ ಆಡುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಸಾಮಾನು ಸಾಗಿಸಿದೆವು. ನಾನೂ ಆ ಓಣಿಯನ್ನು ನೋಡಿದೆ. ಎಷ್ಟು ಅನುಕೂಲ ಅನ್ನಿಸಿತು. ಪದ್ಮ ಅದರೊಳಗೆ ಇಳಿದು ಮಣ್ಣಿನಲ್ಲಿ ಕೂತು ಆಡುವಳು, ಎರಡೂ ಕಡೆ ದಿಬ್ಬ ಇದ್ದದ್ದರಿಂದ ಅತ್ತಿತ್ತ ಹೋಗಲಾಗುತ್ತಿರಲಿಲ್ಲ. ದೇವರು ನನ್ನ ಮಗಳಿಗೆ ಒಂದು ತೊಟ್ಟಿಲು ತೋಡಿಟ್ಟಿದ್ದಾನೆ ಅಂದುಕೊಂಡೆ. ಎರಡು ತಿಂಗಳು ನಾನು ಅವಳನ್ನು ಕೈಯಾರೆ ಅದರೊಳಗೆ ಬಿಟ್ಟು ಬಂದಿದ್ದೇನೆ.

ಜುಲೈಯಲ್ಲಿ ಒಂದು ಬೆಳಿಗ್ಗೆ ಹಾಗೇ ಬಿಟ್ಟು ಬಂದು ರೊಟ್ಟಿ ತಟ್ಟುತ್ತಿದ್ದೆ. ಹಿತ್ತಲಿನಿಂದ ಬ್ಲಫ್‌ನ ಸದ್ದು ಕೇಳಿತು. ಹುಟ್ಟಿದಾಗಿನಿಂದ ಕೇಳಿದ ಸದ್ದಾದ್ದರಿಂದ ಅದು ಯಾವ ಊರು ಅನ್ನುವುದು ಮರೆತು ಒಂದು ರೊಟ್ಟಿ ಪೂರ್ತಿ ತಟ್ಟಿ ಹಂಚಿಗೆ ಹಾಕಿದೆ. ಆಮೇಲೆ ತಿಳಿಯಿತು.

ನಾಲೆಗೆ ನೀರು ಬಿಟ್ಟಿದ್ದರು. ಓಣಿ ದಿಬ್ಬದಿಂದ ದಿಬ್ಬಕ್ಕೆ ಕೆಂಪಗೆ ತುಂಬಿ ಓಡುತ್ತಿತ್ತು. ನಾನು ಕೂಗುತ್ತಾ ದಿಬ್ಬದ ಮೇಲೆ ಎಷ್ಟು ದೂರ ಓಡಿದೆನೋ ನೆನಪಿಲ್ಲ. ಎತ್ತು ತೊಳೆಯಲು ಬಂದ ರೈತನೊಬ್ಬ ಅವಳನ್ನು ಲಂಗ ಹಿಡಿದು ಎತ್ತಿ, ಬೋರಲು ಮಲಗಿಸಿ ಬೆನ್ನು ಒತ್ತುತ್ತಿದ್ದ. ಅವಳು ಕೆಮ್ಮಿ ನೀರು ಕಕ್ಕಿದಳು. ಅಳಲಿಲ್ಲ. ಮತ್ತೆ ನೀರಿನ ಕಡೆಗೇ ತೆವಳಲು ನೋಡಿದಳು.

“ನಾಲೆ ಮಗ್ಗುಲಲ್ಲಿ ಮನೆ ಮಾಡ್ಕೊಂಡು ಮಗೀನ ಇಂಗೆ ಬುಡ್ತಾರೇನಮ್ಮ?” ಅಂತ ಆ ರೈತ ನನ್ನನ್ನು ಗದರಿದ.

“ಇದು ನಾಲೆ ಅಂತ ಗೊತ್ತಿರಲಿಲ್ಲಪ್ಪ.”

“ಗೊತ್ತಿರ್ನಿಲ್ವಾ? ಯಾವೂರಮ್ಮ ನಿಂದು?”

“ಬ್ಲಫ್.”

“ಸರಿ ಬುಡು. ಕರೆಂಟಿನೋರು,” ಅಂದ. ಬೇಸಿಗೆಯಲ್ಲಿ ನಾಲೆಯ ನೀರು ನಿಲ್ಲಿಸುತ್ತಾರೆ, ನಾಟಿಯ ಕಾಲಕ್ಕೆ ಬಿಡುತ್ತಾರೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನೀರಿನಿಂದ ಕರೆಂಟು ತೆಗೆಯುವ ನಮಗೆ ಗೊತ್ತಿರಲಿಲ್ಲ. ಹೊಳಲಿಗೆ ಹೋದಾಗಲೆಲ್ಲ ಅಲ್ಲಿಯ ಕಾಲುವೆಯಲ್ಲಿ ನೀರನ್ನೇ ಕಂಡಿದ್ದೆವು. ನಮ್ಮವರು ಆ ಸಂಜೆ ಹಿತ್ತಲಲ್ಲಿ ಕೂತು ನಾಲೆಯನ್ನೇ ನೋಡುತ್ತಾ, “ನಾನೇ ನೋಡಿದ್ನಲ್ಲೇ ಮನೇನ, ನಾನೇ ನೋಡಿದ್ನಲ್ಲೇ” ಅಂತ ಅಷ್ಟನ್ನೇ ಹೇಳಿದರು. ನನಗೂ ಸಮಾಧಾನ ಮಾಡುವ ಶಕ್ತಿ ಇರಲಿಲ್ಲ. ಪದ್ಮನಿಗೆ ಎದೆಯಲ್ಲಿ ಕಫ ಕಟ್ಟಿ ಹದಿನೆಂಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಪಕ್ಕದ ಮಂಚದ ಮುದುಕಿಯೊಬ್ಬಳು ತನಗೆ ಬಂದ ಬ್ರೆಡ್ಡನ್ನು ದಿನವೂ ಹಾಲಿನಲ್ಲಿ ಅದ್ದಿ ಅವಳಿಗೆ ತಿನ್ನಿಸುತ್ತಿದ್ದಳು. ನಾನು ತಿನ್ನಿಸಿದರೆ ಉಗುಳುವಳು, ಅವಳ ಕೈಯಲ್ಲಿ ತಿನ್ನುವಳು.

ಆಸ್ಪತ್ರೆಯಿಂದ ಬಂದ ವಾರಕ್ಕೇ ನಾನು ಇಬ್ಬರ ಸೊಂಟಕ್ಕೂ ಸೀರೆ ಬಿಗಿದುಕೊಂಡು ಬಸ್ ಸ್ಟ್ಯಾಂಡುಗಳನ್ನು ಸುತ್ತಲು ಶುರುಮಾಡಿದ್ದು. ಮಳವಳ್ಳಿಯಲ್ಲಿ ನನ್ನ ಮಾತಿಗೆ ಸರಿಯಾಗಿ ಉತ್ತರ ಕೊಟ್ಟವಳು ಸೌತೆಕಾಯಿ ಮಾರುವ ಹೆಂಗಸು. “ಹಲಗೂರು ಕಡೀಕೆ ಓಗವ್ವ. ಅಲ್ಲಿ ಕಾಗೆಗೂ ಗಂಟಲು ಒಣಗ್ತದೆ,” ಅಂದಳು. ಸುತ್ತಲಿದ್ದವರು ನಕ್ಕರು. ನಾನು ಮುಂದಿನ ಹಲಗೂರು ಬಸ್ಸು ಹತ್ತಿದೆ.

ವರ್ಷ ತುಂಬುವ ಮೊದಲೇ ಎರಡನೇ ವರ್ಗ ಕೇಳಿದ್ದಕ್ಕೆ ಸಾಹೇಬರು, “ಏನ್ರೀ ಇದು, ಛತ್ರ ಅಂದ್ಕೊಂಡ್ರಾ?” ಅಂತ ಬೈದರಂತೆ. ಆಪರೇಟರ್ ಕೆಲಸ ಹಲಗೂರಿನಲ್ಲಿ ಇರಲಿಲ್ಲ, ಲೈನ್ ಕೆಲಸ ಇತ್ತು. ಮೆಷಿನ್ನಿನ ಮುಂದೆ ಕುರ್ಚಿಯಲ್ಲಿ ಕೂರುತ್ತಿದ್ದವರು ಮೂವತ್ತೆಂಟನೇ ವಯಸ್ಸಿನಲ್ಲಿ ಕಂಬ ಹತ್ತಲು ಕಲಿತರು. ಅದರ ಬಗ್ಗೆ ಅವರು ನನ್ನ ಮುಂದೆ ಒಂದು ದಿನವೂ ಮಾತೆತ್ತಿದವರಲ್ಲ.

ಹಲಗೂರಿನಿಂದ ಎರಡು ಮೈಲಿ ಒಳಗಿನ ಒಂದು ಹಳ್ಳಿಯಲ್ಲಿ ಮನೆ ಮಾಡಿದೆವು. ಆ ಊರಿಗೆ ನಾನು ಮಾಡಿದ್ದನ್ನು ಬರೆಯಲಿರುವುದರಿಂದ ಹೆಸರು ಬೇಡ. ರಾಗಿ, ಹುರುಳಿ, ಒಂದಿಷ್ಟು ಹಿಪ್ಪುನೇರಳೆ, ಮಿಕ್ಕಿದ್ದೆಲ್ಲ ಕಲ್ಲು. ನಾಲೆಯಿಲ್ಲ, ಕೆರೆಯಲ್ಲಿ ಮಳೆಗಾಲದಲ್ಲೂ ಹಲ್ಲಿ ಓಡಾಡುತ್ತಿತ್ತು. ಆದರೆ ಊರೆಂದ ಮೇಲೆ ಕುಡಿಯಲು ಬೇಕಲ್ಲ, ಊರ ತುದಿಯಲ್ಲಿ ಒಂದೇ ಒಂದು ಸೇದುವ ಬಾವಿ ಇತ್ತು. ಮೊದಲ ದಿನವೇ ಹೋಗಿ ಅದನ್ನು ನೋಡಿದೆ. ಒಂದು ಕಡೆಯ ಕಟ್ಟೆ ಕುಸಿದಿತ್ತು, ಬಗ್ಗಿ ನೋಡಿದರೆ ಕತ್ತಲು. ಇಲ್ಲಿಗೂ ಬಂದು ಇದೇ ಆಯಿತಲ್ಲ ಅಂತ ಅಲ್ಲೇ ಕೂತುಬಿಟ್ಟೆ.

ಆಮೇಲೆ ಗೊತ್ತಾಯಿತು. ನೀರು ಕಡಿಮೆಯಾದ್ದರಿಂದ ಆ ಬಾವಿಯ ಸುತ್ತ ಬೆಳಗಿನ ಜಾವದಿಂದ ಕತ್ತಲಾಗುವವರೆಗೆ ಜನ ಇದ್ದೇ ಇರುತ್ತಿದ್ದರು. ನಾಲೆ ಸೀಮೆಯಲ್ಲಿ ನೀರು ಎಲ್ಲ ಕಡೆ, ನೋಡುವ ಕಣ್ಣು ಒಂದೂ ಇಲ್ಲ. ಇಲ್ಲಿ ಇರುವುದೊಂದೇ ನೀರು, ಅದರ ಸುತ್ತ ಇಪ್ಪತ್ತು ಹೆಂಗಸರು. ಪದ್ಮ ಎರಡನೇ ವಾರಕ್ಕೇ ಕಣ್ತಪ್ಪಿಸಿ ಬಾವಿಗೆ ಓಡಿದಳು. ನಾನು ಏದುಸಿರು ಬಿಡುತ್ತಾ ಹೋಗಿ ನೋಡಿದರೆ, ಕೆಂಪಮ್ಮ ಅನ್ನುವ ವಯಸ್ಸಾದ ಹೆಂಗಸು ಅವಳನ್ನು ಕಲ್ಲಿನ ಮೇಲೆ ಕೂರಿಸಿ, ತಂಬಿಗೆಯಿಂದ ಕಾಲಿನ ಮೇಲೆ ಒಂದೊಂದೇ ಗುಟುಕು ನೀರು ಬಿಡುತ್ತಿದ್ದಳು. ಮಗಳು ಕೇಕೆ ಹಾಕುತ್ತಿದ್ದಳು.

“ಯಾಕಂಗೆ ಓಡ್ಬತ್ತೀಯ, ಕರೆಂಟಮ್ಮ? ನಾವೇನು ಸತ್ತೋಗಿದ್ದೀವಾ?” ಅಂದಳು ಕೆಂಪಮ್ಮ. “ಓಗು, ಕೆಲಸ ನೋಡ್ಕೊ. ಮನೀಗೆ ತಂದು ಬುಡ್ತೀವಿ.”

ಆ ದಿನ ನಾನು ಮನೆಗೆ ಹೋಗಿ ತಲೆಗೆ ಎರೆದುಕೊಂಡೆ. ಏಳು ವರ್ಷದಲ್ಲಿ ಮೊದಲ ಸಲ, ಬಚ್ಚಲ ಬಾಗಿಲು ಹಾಕಿಕೊಂಡು, ಕಿವಿಯನ್ನು ಹೊರಗಿಡದೆ. ನೀರು ಹೊಯ್ದುಕೊಳ್ಳುತ್ತಾ ಬಾಯಿಬಿಟ್ಟು ಅತ್ತುಬಿಟ್ಟೆ. ಹಾಗೆ ಎರಡು ವರ್ಷಕ್ಕೂ ಮಿಕ್ಕಿ ನಡೆಯಿತು. ಫಿಟ್ಸ್ ಬರುತ್ತಿತ್ತು, ಹೋಗುತ್ತಿತ್ತು. ತಿಂಗಳಿಗೊಮ್ಮೆ ಮಳವಳ್ಳಿ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದೆ. ಪದ್ಮ ದಿನವೂ ಬಾವಿಯ ಹತ್ತಿರ ಹೋಗುವಳು, ದಿನವೂ ಯಾರಾದರೊಬ್ಬರು ಕೈ ಹಿಡಿದು ತಂದು ಬಿಡುವರು. ಕಟ್ಟುವುದನ್ನು ನಾನು ಮರೆತೇ ಬಿಟ್ಟಿದ್ದೆ.

ನನ್ನ ಮಗಳಿಗೆ ಅನುಕೂಲವಾದದ್ದು ಉಳಿದವರಿಗೆ ಎಷ್ಟು ಕಷ್ಟ ಅಂತ ನಾನು ನೋಡದೆ ಇರಲಿಲ್ಲ. ಊರಾಚೆಯ ಹರಿಜನ ಕಾಲೋನಿಯ ಹೆಂಗಸರನ್ನು ಬಾವಿಯ ಹತ್ತಿರ ಬಿಡುತ್ತಿರಲಿಲ್ಲ. ಅವರು ದೂರದ ಹೊಂಗೆ ಮರದ ಕೆಳಗೆ ಕೊಡ ಇಟ್ಟುಕೊಂಡು, ಯಾರಾದರೂ ಹೊಯ್ಯಲಿ ಅಂತ ಕಾದು ಕೂರುತ್ತಿದ್ದರು. ಅವರಲ್ಲಿ ಸಿದ್ದಮ್ಮ ಅನ್ನುವವಳು ನನ್ನ ವಯಸ್ಸಿನವಳು. ಹಿಮ್ಮಡಿ ಒಡೆದು ಕುಂಟುತ್ತಿದ್ದಳು. ಯಾರೂ ಹೊಯ್ಯದ ದಿನ ಮೈಲಿ ದೂರದ ಹಳ್ಳಕ್ಕೆ ಹೋಗಿ, ಮರಳು ಬಗೆದು, ಒರತೆ ನೀರು ತುಂಬಿಕೊಂಡು ಬರುವಳು.

ಒಂದು ಚಳಿಗಾಲದಲ್ಲಿ, ಸರ್ಕಾರದವರು ಹಳ್ಳಿಗಳಿಗೆ ಬೋರು ಕೊರೆಸಿ ಕೈಪಂಪು ಹಾಕುತ್ತಾರಂತೆ, ಅರ್ಜಿ ಕೊಡಬೇಕಂತೆ ಅಂತ ಸುದ್ದಿ ಬಂತು. ಊರಿನ ಹೆಂಗಸರಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು ನಾನೊಬ್ಬಳೇ. ಕೆಂಪಮ್ಮನ ಜಗುಲಿಯಲ್ಲಿ ಕೂರಿಸಿ, “ಚೆಂದಾಗಿ ಬರಿ ಕರೆಂಟಮ್ಮ, ಓದ್ದೋರ ಕಣ್ಣಲ್ಲಿ ನೀರು ಬರಬೇಕು” ಅಂದರು. ಎರಡು ಬೋರು ಬೇಕು, ಒಂದು ಮಾರಿಗುಡಿಯ ಮುಂದೆ, ಇನ್ನೊಂದು ಕಾಲೋನಿಯಲ್ಲಿ. ನಾನು ಬರೆಯುತ್ತಾ ಹೋದೆ. ‘ಕಾಲೋನಿಯಲ್ಲಿ’ ಅನ್ನುವ ಪದ ಬರೆದಾಗ ನನಗೆ ಬಾವಿ ಕಣ್ಣ ಮುಂದೆ ಬಂತು. ಬೋರು ಬಂದ ಮೇಲೆ ಅಲ್ಲಿಗೆ ಯಾರು ಬರುತ್ತಾರೆ? ಕುಸಿದ ಕಟ್ಟೆ, ಆಳದಲ್ಲಿ ನೀರು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಪದ್ಮನ ಕಾಲಿಗೆ ಆ ದಾರಿ ಅಷ್ಟೊತ್ತಿಗೆ ಬಾಯಿಪಾಠವಾಗಿತ್ತು. ನನ್ನ ಕೈ ನಿಲ್ಲಲಿಲ್ಲ, ಅರ್ಜಿ ಮುಗಿಸಿದೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ತಿಂಗಳಿಗೊಮ್ಮೆ ಮಳವಳ್ಳಿಗೆ ಹೋಗುವವಳು ನಾನೇ ಆದ್ದರಿಂದ ತಾಲ್ಲೂಕು ಬೋರ್ಡಿನ ಆಫೀಸಿಗೆ ಕೊಡಲು ನನ್ನ ಕೈಗೇ ಕೊಟ್ಟರು.

ನಾನು ಕೊಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಅರ್ಜಿಯನ್ನು ಚೀಲದಲ್ಲಿ ಇಟ್ಟುಕೊಂಡು ಕೂತಿದ್ದೆ. ಕಾಂಪೌಂಡರು ಎರಡು ಸಲ ಪದ್ಮನ ಹೆಸರು ಕರೆದರೂ ಕೇಳಿಸಲಿಲ್ಲ. ಮಾತ್ರೆ ತೆಗೆದುಕೊಂಡು ಹೊರಗೆ ಬಂದೆ. ಎಡಕ್ಕೆ ಹೋದರೆ ಆಫೀಸು, ಬಲಕ್ಕೆ ಬಸ್ ಸ್ಟ್ಯಾಂಡು. ಬಲಕ್ಕೆ ಹೋದೆ. ಮನೆಗೆ ಬಂದು ಅದನ್ನು ಟ್ರಂಕಿನಲ್ಲಿ, ಪದ್ಮನ ಆಸ್ಪತ್ರೆ ಚೀಟಿಗಳ ಕೆಳಗೆ ಇಟ್ಟೆ. ಬಾವಿಯ ಹತ್ತಿರ ಕೇಳಿದಾಗ, “ಕೊಟ್ಟೆ ಕಣಕ್ಕ, ನೋಡ್ತೀವಿ ಅಂದರು” ಅಂದೆ. ಮುಂದಿನ ತಿಂಗಳೂ ಕೇಳಿದರು, ಅದನ್ನೇ ಅಂದೆ. ಅದರ ಮುಂದಿನ ತಿಂಗಳು ಸಾಹೇಬರು ರಜದಲ್ಲಿದ್ದಾರೆ ಅಂತ ಇನ್ನೊಂದು ಸುಳ್ಳು ಸೇರಿಸಿದೆ. ನಮ್ಮವರಿಗೂ ಹೇಳಲಿಲ್ಲ. ನನ್ನಲ್ಲಿ ಇಷ್ಟು ಕಲ್ಲುತನ ಇದೆ ಅಂತ ನನಗೇ ಗೊತ್ತಿರಲಿಲ್ಲ. ಒಂದೊಂದು ದಿನ, ಕಾಯಿಲೆಯಲ್ಲಿರುವುದು ಮಗಳಲ್ಲ, ನಾನು ಅನ್ನಿಸುತ್ತಿತ್ತು.

ಬೇಸಿಗೆ ಬಂತು. ಬಾವಿಯಲ್ಲಿ ಬಿಂದಿಗೆ ಮುಳುಗುವುದು ನಿಂತು, ಕೆಸರು ಬರತೊಡಗಿತು. ಹಂಚಿಕೊಳ್ಳಲು ಜಗಳವಾಗುತ್ತಿತ್ತು, ಹೊಂಗೆ ಮರದ ಕಡೆಗೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಬಿಸಿಲು ನೆತ್ತಿಗೆ ಬಂದಿರುವಾಗ ಸಿದ್ದಮ್ಮ ಹಳ್ಳದಿಂದ ಒಂದು ಕೊಡ ನೀರು ಹೊತ್ತು ಬಂದು, ದಣಿವಾರಿಸಿಕೊಳ್ಳಲು ಮರದ ಕೆಳಗೆ ಇಳಿಸಿದಳು. ಕಲ್ಲಿನ ಮೇಲೆ ಕೂತಿದ್ದ ಪದ್ಮ ಎದ್ದು ಓಡಿದಳು. ನಾನು ತಲುಪುವಷ್ಟರಲ್ಲಿ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿ ತನ್ನ ತಲೆಯ ಮೇಲೆ ಬಗ್ಗಿಸಿಕೊಂಡುಬಿಟ್ಟಿದ್ದಳು. ಪೂರ್ತಿ. ಕೊನೆಯ ಹನಿಯವರೆಗೆ. ನಗುತ್ತಿದ್ದಳು.

ಸಿದ್ದಮ್ಮ ಅವಳ ಕೈಯಿಂದ ಕೊಡ ಬಿಡಿಸಿ ನೆಲಕ್ಕಿಟ್ಟಳು. ಆಮೇಲೆ, “ಮಗೀಗೇನ್ ಗೊತ್ತಾದದು, ಬುಡಿ ಅಮ್ಮೋರೆ,” ಅಂದಳು. “ಬೋರು ಬಂದ್ರೆ ಈ ಪಾಡು ತಪ್ತದೆ. ಅರ್ಜಿ ಏನಾಯ್ತು?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ. ಬಾವಿಯ ಹತ್ತಿರ ಇದ್ದವರಿಗೆಲ್ಲ ಕೇಳುವಂತೆ, ಅರ್ಜಿ ನನ್ನ ಟ್ರಂಕಿನಲ್ಲಿದೆ, ಕೊಟ್ಟೇ ಇಲ್ಲ, ಬೋರು ಬಂದರೆ ನೀವ್ಯಾರೂ ಇಲ್ಲಿಗೆ ಬರುವುದಿಲ್ಲ, ನನ್ನ ಮಗಳು ಒಬ್ಬಳೇ ಬಂದು ಇದರಲ್ಲಿ ಬೀಳುತ್ತಾಳೆ ಅಂತ ಹೇಳಿಬಿಟ್ಟೆ. ರಾಟೆಯ ಸದ್ದು ನಿಂತಿತು. ಒಬ್ಬಳು ನನಗೆ ಕೇಳುವಂತೆಯೇ ಉಗಿದಳು.

ಕೆಂಪಮ್ಮ ಹಗ್ಗವನ್ನು ಕೈಯಿಂದ ಬಿಟ್ಟು ನನ್ನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. “ಥೂ, ಓದಿದೋಳಂತೆ,” ಅಂದಳು. “ಬೋರು ಬಂದ್ಮೇಲೆ ಈ ಪಾಳುಬಾವಿ ಯಾರಿಗೆ ಬೇಕು? ನಾಕು ಚಪ್ಪಡಿ ಎಳೆದು ಮುಚ್ಚುದ್ರಾಯ್ತು. ಒಂದೊತ್ತಿನ ಕೆಲಸ. ನಮ್ಮುನ್ನ ಒಂದು ಮಾತು ಕೇಳಬಾರ್ದಾಗಿತ್ತಾ?”

ನಾಲ್ಕು ಚಪ್ಪಡಿ. ಮೂರು ತಿಂಗಳು ನಿದ್ದೆಗೆಟ್ಟು, ಒಂದು ಊರನ್ನು ಬಾಯಾರಿಸಿ ಕೂತವಳಿಗೆ ಅದು ಹೊಳೆದಿರಲಿಲ್ಲ. ಬ್ಲಫ್ ಬಿಟ್ಟಾಗಿನಿಂದ ನಾನು ಊರು ಹುಡುಕಿದ್ದೆ, ಮನೆ ಹುಡುಕಿದ್ದೆ, ನೀರು ಎಷ್ಟು ದೂರ ಅಂತ ಹೆಜ್ಜೆಯಲ್ಲಿ ಅಳೆದಿದ್ದೆ. ಅಕ್ಕ, ನನಗೆ ಹೀಗೆ ಭಯವಾಗುತ್ತಿದೆ, ಏನು ಮಾಡಲಿ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಕೇಳಿದರೆ ಮಂಡ್ಯದಲ್ಲಿ ಆದ ಹಾಗೆ ಕೈ ಹಿಡಿದುಕೊಂಡೇ ಆಚೆ ಕಳಿಸುತ್ತಾರೆ ಅನ್ನುವ ಹೆದರಿಕೆ ನನ್ನೊಳಗೆ ಕೂತುಬಿಟ್ಟಿತ್ತು. ಕೆಂಪಮ್ಮ ಇನ್ನೂ ಬೈಯುತ್ತಿದ್ದಳು. ಸಿದ್ದಮ್ಮ ಮಾತ್ರ ಅಲ್ಲಿ ನಿಲ್ಲಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಮತ್ತೆ ಹಳ್ಳದ ಕಡೆಗೆ ಕುಂಟುತ್ತಾ ಹೋದಳು. ನನ್ನ ಮನೆಯ ಹಂಡೆಯಲ್ಲಿ ನೀರಿತ್ತು, ಕೊಡುತ್ತೇನೆ ಬಾ ಅಂತ ಹಿಂದೆ ಓಡಿ ಕರೆದೆ. ಅವಳು ತಿರುಗಲಿಲ್ಲ.

ಅರ್ಜಿಯನ್ನು ಹೊಸದಾಗಿ ಬರೆದೆ, ಬಾವಿ ಮುಚ್ಚಿಸುವ ಮಾತನ್ನೂ ಸೇರಿಸಿ, ಅಂದೇ ಸಂಜೆ ಎಲ್ಲರ ಹೆಬ್ಬೆಟ್ಟು ಮತ್ತೆ ಒತ್ತಿಸಿದೆ. ಮರುದಿನ ಬೆಳಿಗ್ಗೆ ಪದ್ಮನನ್ನು ಕರೆದುಕೊಂಡು ಬಸ್ಸಿಗೆ ಬಂದರೆ, ಸಿದ್ದಮ್ಮ ಒಗೆದ ಸೀರೆ ಉಟ್ಟು ಅಲ್ಲಿ ನಿಂತಿದ್ದಳು.

“ನಾನೂ ಬತ್ತೀನಿ ಮಳವಳ್ಳೀಗೆ,” ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತಳು.

ತಾಲ್ಲೂಕು ಬೋರ್ಡಿನ ಆಫೀಸಿನ ಜಗುಲಿಯಲ್ಲಿ ಬಂದವರಿಗೆ ಕುಡಿಯಲು ಒಂದು ದೊಡ್ಡ ಮಣ್ಣಿನ ಗುಡಾಣದಲ್ಲಿ ನೀರಿಟ್ಟಿದ್ದರು. ಪದ್ಮ ಅದನ್ನು ಕಂಡದ್ದೇ ಜಗ್ಗತೊಡಗಿದಳು. ಹತ್ತು ವರ್ಷದ ಹುಡುಗಿ, ನನ್ನನ್ನೇ ಎಳೆದುಕೊಂಡು ಹೋಗುವಷ್ಟು ಶಕ್ತಿ ಬಂದಿತ್ತು. ಹಾಗೆ ಹಿಡಿದುಕೊಂಡು ಒಳಗೆ ಹೋಗುವಂತಿರಲಿಲ್ಲ.

“ನೀವು ಒಳೀಕೋಗಿ ಅಮ್ಮೋರೆ,” ಅಂದಳು ಸಿದ್ದಮ್ಮ. “ನಾನು ಬಾಗಿಲಲ್ಲಿ ನಿಂತು ನೋಡ್ತಿರ್ತೀನಿ.”

ಮಗುವನ್ನು ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಾಳೆ ಅಂದುಕೊಂಡು, ಪದ್ಮನ ಕೈಯನ್ನು ಅವಳ ಕೈಗೆ ಕೊಟ್ಟು, “ನಿನ್ನ ಉಪಕಾರ ಸಿದ್ದಮ್ಮ” ಅಂದೆ.

“ಕೊಡ್ತೀರೋ ಇಲ್ವೋ ಅಂತ,” ಅಂದಳು.

ಒಳಗೆ ಹೋದೆ. ಗುಮಾಸ್ತರು ಅರ್ಜಿಯನ್ನು ಓದಿ, ಅಂಕಿ ಹಾಕಿ, ಸೀಲು ಒತ್ತಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ರಶೀದಿ ಹರಿದುಕೊಟ್ಟರು. ತೆಗೆದುಕೊಂಡು ತಿರುಗಿದೆ. ಸಿದ್ದಮ್ಮ ಹೊಸ್ತಿಲಾಚೆ ನಿಂತಿದ್ದಳು. ಪದ್ಮ ಗುಡಾಣದ ಕಡೆಗೆ ಮೈಯನ್ನೆಲ್ಲ ಬಿಟ್ಟು ಜಗ್ಗುತ್ತಿದ್ದಳು, ಕಿರುಚುತ್ತಿದ್ದಳು, ಹಿಡಿದ ಕೈಯನ್ನು ಕಚ್ಚುತ್ತಿದ್ದಳು. ಸಿದ್ದಮ್ಮ ಆ ಕೈಯನ್ನು ಬಿಟ್ಟಿರಲಿಲ್ಲ. ಅವಳ ಕಣ್ಣು ಮಾತ್ರ ನನ್ನ ಕೈಯಲ್ಲಿದ್ದ ಕಾಗದದ ಮೇಲೇ ಇತ್ತು.